ಕೋಟುಗಳ ಗೂಡಿನಲ್ಲಿ ಎರಡು ದನಿ

ಹಾಡಿನ ವಿಷಯದಲ್ಲಿ ಮ್ಯಾಂಚೆಸ್ಟರಿನ ಕನ್ನಡದವರ ನಡುವೆ ನನಗೆ ಒಂದು ಹೆಸರಿದೆ. ಯಾರ ಮನೆಯಲ್ಲಿ ಗೃಹಪ್ರವೇಶವಿರಲಿ, ಸೀಮಂತವಿರಲಿ, "ನಳಿನಿ ಆಂಟಿ ಒಂದು ಹಾಡ್ಲಿ" ಎನ್ನುತ್ತಾರೆ. ನಾನೂ ಬೇಡ ಬೇಡ ಎಂದು, ಗಂಟಲು ಸರಿಯಿಲ್ಲ ಎಂದು ಸ್ವಲ್ಪ ನಾಟಕ ಮಾಡಿ, ಆಮೇಲೆ ಸೆರಗು ಸರಿಮಾಡಿಕೊಂಡು ಹಾಡುತ್ತೇನೆ. ಎಲ್ಲರೂ ತಲೆದೂಗುತ್ತಾರೆ. ಆ ಹೆಸರು ನನಗೆ ಯಾವ ದಾರಿಯಲ್ಲಿ ಬಂತು ಎಂಬುದನ್ನು ಮಾತ್ರ ಇಷ್ಟು ವರ್ಷಗಳಲ್ಲಿ ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ. ಈ ಅಧ್ಯಾಯವನ್ನು ಹಾರಿಸಿ ಮುಂದಕ್ಕೆ ಹೋಗೋಣ ಎಂದು ಎರಡು ಸಲ ನೋಡಿದೆ. ಆಗಲಿಲ್ಲ. ಇದನ್ನು ಬರೆಯದೆ ಉಳಿದದ್ದೆಲ್ಲ ಬರೆದರೆ ಅದು ಬರೀ ಬಡಾಯಿ.

ಕೊವೆಂಟ್ರಿಯಲ್ಲಿ ನಾವು ಬೆಳೆದ ಮನೆ ಎಡಬಲದ ಮನೆಗಳಿಗೆ ಅಂಟಿಕೊಂಡ, ಉದ್ದನೆಯ ಇಕ್ಕಟ್ಟಿನ ಮನೆ. ಮುಂದಿನ ಕೋಣೆಯನ್ನು ಅಮ್ಮ ನೆಂಟರಿಗೆಂದು ಎತ್ತಿಟ್ಟಿದ್ದಳು. ನೆಂಟರೆಂಬುವವರು ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು, ಆದರೂ ಆ ಸೋಫಾದ ಮೇಲೆ ಕೂರಲು ನಮಗೆ ಅಪ್ಪಣೆಯಿರಲಿಲ್ಲ. ನಮ್ಮ ಬದುಕೆಲ್ಲ ಹಿಂದಿನ ಅಡುಗೆಮನೆಯಲ್ಲಿ. ಅಲ್ಲಿ ಬಂಗುಡೆ ಮೀನು ಹುರಿದರೆ ಆ ವಾಸನೆ ಮೂರು ದಿನ ನಮ್ಮ ಶಾಲೆಯ ಉಣ್ಣೆ ಕಾರ್ಡಿಗನ್ನಿನಲ್ಲಿ ಇರುತ್ತಿತ್ತು. ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಮೆಟ್ಟಿಲು, ಮೆಟ್ಟಿಲ ಕೆಳಗೆ ಒಂದು ಗೂಡು. ಕಸ ಹೀರುವ ಹೂವರ್, ಗ್ಯಾಸಿನ ಮೀಟರು, ನಾಲ್ವರ ಚಳಿಗಾಲದ ಕೋಟುಗಳು ಎಲ್ಲ ಅಲ್ಲಿ. ನಾನೂ ತಂಗಿ ಮಾಲತಿಯೂ ಬೆಳೆದದ್ದು ಶಾಲೆಯಲ್ಲಲ್ಲ, ಆ ಗೂಡಿನಲ್ಲಿ ಎಂದು ನನಗೆ ಈಗ ಅನಿಸುತ್ತದೆ.

ಪಪ್ಪ ಉಡುಪಿ ಕಡೆಯವರು, ಕಾರಿನ ಕಾರ್ಖಾನೆಯಲ್ಲಿ ಫಿಟ್ಟರ್. ಊರಿನ ಭಜನಾ ಮಂದಿರದಲ್ಲಿ ಕಲಿತ ಮ್ಯಾಂಡೊಲಿನ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ಇಲ್ಲಿಗೆ ತಂದಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಡೆಸ್ಮಂಡ್ ಎಂಬ ಐರಿಷ್ ಮನುಷ್ಯ ನಿವೃತ್ತನಾಗಿ ಊರಿಗೆ ಹೊರಡುವಾಗ ಒಂದು ಪೆಟ್ಟಿಗೆ ತುಂಬ ಹಳೆಯ ಅಮೆರಿಕನ್ ರೆಕಾರ್ಡುಗಳನ್ನು ಪಪ್ಪನಿಗೆ ಕೊಟ್ಟು ಹೋದ. ಹೆಚ್ಚಿನವು ಅಣ್ಣತಮ್ಮಂದಿರ ಜೋಡಿಗಳ ಹಾಡು. ಹೊದಿಕೆಯ ಮೇಲೆ ಟೋಪಿ ಹಾಕಿದ ಇಬ್ಬರು ತೆಳ್ಳನೆಯ ಹುಡುಗರು, ಒಬ್ಬನ ಕೈಯಲ್ಲಿ ಗಿಟಾರ್, ಇನ್ನೊಬ್ಬನ ಕೈಯಲ್ಲಿ ಪಪ್ಪನ ಕೈಯಲ್ಲಿದ್ದಂಥದ್ದೇ ಮ್ಯಾಂಡೊಲಿನ್. ಅಷ್ಟು ಸಾಕಾಯಿತು, ಪಪ್ಪ ಮರುಳಾದರು. ಭಾನುವಾರ ಮಧ್ಯಾಹ್ನ ಹೊದಿಕೆಯ ಹಿಂದೆ ಅಚ್ಚಾದದ್ದನ್ನೆಲ್ಲ ಓದಿ, ನಮಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು.

"ಮೊದ್ಲೆಲ್ಲ ಅಲ್ಲಿ ಹಾಡುವವ ಬೊಬ್ಬೆ ಹಾಕ್ಬೇಕಿತ್ತು ಮಕ್ಳೇ. ಪಿಟೀಲು, ಬ್ಯಾಂಜೋ, ಕುಣಿಯುವವರ ಗಲಾಟೆ, ಅದ್ರ ಮೇಲೆ ಕೇಳ್ಬೇಕಲ್ಲ! ಆಮೇಲೆ ರೇಡಿಯೋ ಬಂತು, ಒಳ್ಳೆ ಮೈಕ್ ಬಂತು. ಮೆಲ್ಲ ಹಾಡಿದ್ರೂ ಊರಿಗೆಲ್ಲ ಕೇಳ್ತದೆ. ಆಗ ಈ ಅಣ್ಣತಮ್ಮಂದಿರ ಕಾಲ ಬಂತು ನೋಡಿ. ಗುಡ್ಡದ ಬಡವರ ಮನೆಯವ್ರು, ಹತ್ತಿ ಗಿರಣಿಯಲ್ಲಿ ದುಡಿದವ್ರು. ಇಗರ್ಜಿಯ ಪ್ರಾರ್ಥನೆಯಲ್ಲಿ ಮೇಲಿನ ದನಿ, ಕೆಳಗಿನ ದನಿ ಅಂತ ಕಲಿತದ್ದು. ಇಬ್ಬರೇ ಸಾಕು, ಒಂದೇ ಮೈಕ್ ಸಾಕು."

"ಹುಡುಗಿಯರು ಇರಲಿಲ್ವಾ ಪಪ್ಪ?" ಎಂದು ಮಾಲತಿ ಕೇಳಿದಳು.

"ಇದ್ರು, ಅಕ್ಕತಂಗಿಯರೂ ಇದ್ರು. ಒಂದೇ ಮನೆಯ ಗಂಟಲು ಬೇಕು, ಅಷ್ಟೇ. ಹೊರಗಿನವ್ರು ಎಷ್ಟು ಕಲಿತ್ರೂ ಹಾಗೆ ಸೇರುದಿಲ್ಲ. ಒಂದೇ ಗಂಜಿ ಉಂಡವ್ರ ದನಿ ಬೇರೆ."

ಪಪ್ಪ ಇದನ್ನು ಅಕ್ಷರಶಃ ನಂಬಿದ್ದರು. ಶನಿವಾರ ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ನಮ್ಮಿಬ್ಬರಿಗೂ ಒಂದೇ ಬಟ್ಟಲಲ್ಲಿ, ಎರಡು ಚಮಚ. ಜಗಳವಾಡಿದ್ದರೂ ಸರಿ, ಮುಖ ಊದಿಸಿಕೊಂಡಿದ್ದರೂ ಸರಿ, ಒಟ್ಟಿಗೆ ಉಂಡೇ ಹಾಡಲು ಕೂರಬೇಕು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಅಮ್ಮನ ಪಾಳಿ ಬದಲಾದರೂ ಶನಿವಾರದ ಗಂಜಿ ಮಾತ್ರ ಬದಲಾಗುತ್ತಿರಲಿಲ್ಲ. "ಇವರ ಹುಚ್ಚಿಗೆ ಮದ್ದಿಲ್ಲ. ಸರಿಯಾದ ಸಂಗೀತಕ್ಕೆ ಕಳಿಸಿ ಅಂದ್ರೆ ಕೋಟಿನ ಒಳಗೆ ಕೂರಿಸ್ತಾರೆ" ಎಂದು ಗೊಣಗುತ್ತಲೇ ಉಪ್ಪಿನಕಾಯಿ ಬಡಿಸುತ್ತಿದ್ದಳು. ಉಂಡಾದ ಮೇಲೆ ಗೂಡಿಗೆ. ಕೋಟುಗಳ ನಡುವೆ ದನಿ ಎಲ್ಲಿಗೂ ಓಡಿಹೋಗುವುದಿಲ್ಲ, ಮೈಕಿನ ಮುಂದೆ ನಿಂತ ಹಾಗೇ ಇರುತ್ತದೆ ಎಂಬುದು ಪಪ್ಪನ ಲೆಕ್ಕಾಚಾರ. ಮೈಕ್ ಎಂದರೆ ಅಮ್ಮನ ಸಾರಿನ ಸೌಟು. ಅದನ್ನು ಕೋಟಿನ ಗೂಟಕ್ಕೆ ತೂಗುಹಾಕುತ್ತಿದ್ದರು. ನಾನು ದೊಡ್ಡವಳು, ಕೆಳಗಿನ ದನಿ, ಹಾಡಿನ ನಿಜವಾದ ಧಾಟಿ ನನ್ನದು. ಮಾಲತಿ ನನಗಿಂತ ಮೂರು ವರ್ಷ ಚಿಕ್ಕವಳು, ಮೇಲಿನ ದನಿ, ಸೌಟಿನಿಂದ ಅರ್ಧ ಹೆಜ್ಜೆ ಹಿಂದೆ. ಅವಳ ಕೆಲಸವೇ ಕಷ್ಟದ್ದು. ನಾನು ಯಾವ ಅಕ್ಷರವನ್ನು ಎಷ್ಟು ಎಳೆಯುತ್ತೇನೆ, ಎಲ್ಲಿ ಮುಗಿಸುತ್ತೇನೆ ಎಂದು ಅವಳು ನನ್ನ ಬಾಯಿಯನ್ನೇ ನೋಡುತ್ತ, ಅದೇ ಕ್ಷಣದಲ್ಲಿ ಮೇಲಿನಿಂದ ಇಳಿಯಬೇಕು. ಆಗ ಹತ್ತು ವರ್ಷದವಳು. ಆ ದೊಡ್ಡ ಕಣ್ಣುಗಳನ್ನು ಬಿಟ್ಟುಕೊಂಡು ನನ್ನ ತುಟಿ ನೋಡುತ್ತಿದ್ದಳು. "ಹಾಗೆ ನೋಡ್ಬೇಡ, ನಗು ಬರ್ತದೆ" ಎಂದು ನಾನು ಚಿವುಟುತ್ತಿದ್ದೆ.

ಹಾಡಲು ಪಪ್ಪ ತಾವೇ ನಾಲ್ಕು ಸಾಲು ಕಟ್ಟಿದ್ದರು. ಆ ಜೋಡಿಗಳ ಹಾಡಿನಲ್ಲೂ ಇರುತ್ತಿದ್ದದ್ದು ಇವೇ ಸಂಗತಿಗಳು, ಮನೆ, ತಾಯಿ, ದಾಟಬೇಕಾದ ಹೊಳೆ.

ಹೊಳೆಯಾಚೆ ನಮ್ಮನೆ, ದೀಪ ಹಚ್ಚಿಟ್ಟಿದೆ,
ದೋಣಿಯ ಬಿಡು ಅಣ್ಣ, ಹೊತ್ತು ಮೀರುತಿದೆ,
ಅಂಗಳದ ಮೂಲೆಯಲಿ ಅಮ್ಮ ಕೈಯಾಡಿಸಿ ಹೆಸರು ಹಿಡಿದು ಕೂಗುತಾಳೆ,
ದಡಕೆ ಮುಟ್ಟಿಸು ಅಣ್ಣ, ಇಬ್ಬರನೂ ಒಟ್ಟಿಗೆ.

ಮೂರನೆಯ ಸಾಲು ಹನುಮಂತನ ಬಾಲ. ಅದನ್ನು ಎಲ್ಲೂ ಮುರಿಯದೆ ಹಾಡಬೇಕೆಂದು ಪಪ್ಪನ ಹಟ. "ಉಸಿರು ಯಾರಿಗಾದ್ರೂ ಸೋಲ್ತದೆ. ಒಬ್ಬ ತಗೊಂಡಾಗ ಇನ್ನೊಬ್ಬ ಹಿಡ್ಕೊಂಡಿರ್ಬೇಕು. ಕೇಳುವವ್ರಿಗೆ ಗೊತ್ತಾಗ್ಬಾರ್ದು, ಅದೇ ಜೋಡಿ" ಎನ್ನುತ್ತಿದ್ದರು. ನನಗೆ ಆ ಸಾಲು ಕಷ್ಟವಾದ ನೆನಪೇ ಇಲ್ಲ. ನನ್ನ ಉಸಿರು ಉದ್ದ ಎಂದು ನಾನು ಬೀಗುತ್ತಿದ್ದೆ.

ಇಷ್ಟು ಚೆಂದದ ವಸ್ತು ನನ್ನ ಮನೆಯಲ್ಲಿತ್ತು. ಆದರೆ ನನಗೆ ಬೇಕಾಗಿದ್ದದ್ದೇ ಬೇರೆ. ಬರ್ಮಿಂಗ್‌ಹ್ಯಾಮಿನಲ್ಲಿ ಕನ್ನಡದವರು ಆಗಾಗ ಸೇರುತ್ತಿದ್ದರು. ಅಲ್ಲಿ ಶಾರದಾ ಆಂಟಿ ಎಂಬ ಮೈಸೂರಿನ ಸಂಗೀತದ ಟೀಚರ್ ಇದ್ದರು. ಅವರ ಭಾನುವಾರದ ಕ್ಲಾಸಿನ ಐದಾರು ಹುಡುಗಿಯರು ಒಂದೇ ಬಣ್ಣದ ರೇಷ್ಮೆ ಲಂಗ ಹಾಕಿ, ಮಲ್ಲಿಗೆಯ ಹಾಗೆ ಕಾಣುವ ಪ್ಲಾಸ್ಟಿಕ್ ಹೂ ಮುಡಿದು, ಸಾಲಾಗಿ ಕೂತು ಹಾಡುತ್ತಿದ್ದರು. ನನಗೆ ಆ ಸಾಲಿನಲ್ಲಿ ಕೂರಬೇಕಿತ್ತು. ಹದಿಮೂರರ ವಯಸ್ಸು. ಆ ಹುಡುಗಿಯರು ನಾನು ಬಾಯಿ ಬಿಟ್ಟರೆ ನಗುತ್ತಿದ್ದರು. "ಉಂಟು ಅಂತಾಳೆ ಕಣೇ! ಪುಸ್ತಕ ಓದ್ದಂಗಿದೆ!" ಅದಾದ ಮೇಲೆ ನಾನು ಕನ್ನಡಿಯ ಮುಂದೆ ನಿಂತು "ಇದೆ, ಇದೆ, ಬರತ್ತೆ, ಹೋಗತ್ತೆ" ಎಂದು ಅಭ್ಯಾಸ ಮಾಡಿದೆ. ಕೂಟಕ್ಕೆ ಹೋಗುವ ದಿನ ಅಮ್ಮ ಮೀನು ಮುಟ್ಟಬಾರದು ಎಂದು ರಂಪ ಮಾಡಿದೆ. ಥತ್, ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಆ ವರ್ಷದ ದೀಪಾವಳಿ ಕೂಟದಲ್ಲಿ ಮಕ್ಕಳ ಹಾಡಿಗೆ ಪಪ್ಪ ನಮ್ಮಿಬ್ಬರ ಹೆಸರು ಕೊಟ್ಟುಬಂದರು. ಒಂದು ಶಾಲೆಯ ಹಾಲ್, ಗೋಡೆಗೆ ಮಡಚಿ ನಿಲ್ಲಿಸಿದ ಮೇಜುಗಳು, ಹಿಂದಿನಿಂದ ಬಿಸಿಬೇಳೆ ಬಾತಿನ ಘಮ. ವೇದಿಕೆಯ ಮೇಲೆ ಒಂದೇ ಮೈಕ್. ಪಪ್ಪ ಒಂದು ಬದಿಯಲ್ಲಿ ಕುರ್ಚಿ ಹಾಕಿಕೊಂಡು ಮ್ಯಾಂಡೊಲಿನ್ ಎತ್ತಿದರು, ನಾವು ಸೌಟಿನ ಮುಂದೆ ನಿಲ್ಲುವ ಹಾಗೆಯೇ ನಿಂತೆವು. ಮೊದಲ ಸಾಲು ಇಬ್ಬರದೂ ಒಂದೇ ಧಾಟಿ. ಎರಡನೆಯ ಸಾಲಿಗೆ ಮಾಲತಿ ನನ್ನನ್ನು ಬಿಟ್ಟು ಮೇಲಕ್ಕೆ ಹೋದಳು, ಹೋಗಬೇಕಾದ ಕಡೆಗೇ ಹೋದಳು, ಒಂದು ಕೂದಲಿನಷ್ಟೂ ತಪ್ಪಲಿಲ್ಲ. ಆದರೆ ಎದುರಿನ ಸಾಲಿನಲ್ಲಿ ಕೂತವರ ಹುಬ್ಬುಗಳು ಕೂಡಿಕೊಂಡವು. ಅವರೆಲ್ಲ ಎಲ್ಲರೂ ಒಂದೇ ಸ್ವರದಲ್ಲಿ ಹಾಡುವುದನ್ನು ಕೇಳಿ ಬೆಳೆದವರು. ಜೊತೆಗಾತಿ ಬೇಕೆಂದೇ ಬೇರೆ ಸ್ವರ ಹಿಡಿಯುತ್ತಾಳೆ ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಪಾಪ, ಮಗುವಿಗೆ ಶ್ರುತಿ ತಪ್ಪಿತು ಎಂದುಕೊಂಡರು. ರೇಷ್ಮೆ ಲಂಗದ ಒಬ್ಬಳು ಇನ್ನೊಬ್ಬಳ ಭುಜಕ್ಕೆ ಮುಖ ಒತ್ತಿ ನಕ್ಕಳು. ಅದನ್ನು ನಾನು ನೋಡಿದೆ. ಮಾಲತಿ ನೋಡಲಿಲ್ಲ, ಅವಳು ನನ್ನ ಬಾಯಿಯನ್ನು ನೋಡುತ್ತಿದ್ದಳು.

ಹಾಡು ಮುಗಿಯಿತು. ಅರೆಮನಸ್ಸಿನ ಚಪ್ಪಾಳೆ. ಪಪ್ಪ ಮಾತ್ರ ಬೀಗಿಕೊಂಡು ಮ್ಯಾಂಡೊಲಿನ್ನನ್ನು ಕಾರಿನಲ್ಲಿಡಲು ಹೋದರು. ನಾನು ವೇದಿಕೆಯ ಪಕ್ಕದ ಪರದೆಯ ಹತ್ತಿರ ನಿಂತಿದ್ದಾಗ ಶಾರದಾ ಆಂಟಿ ಬಂದು ನನ್ನ ಗಲ್ಲ ಹಿಡಿದರು.

"ಏನಮ್ಮಾ ನಿನ್ನ ಹೆಸರು? ನಳಿನೀನಾ? ಒಳ್ಳೆ ಕಂಠ ಕಣೆ ನಿಂದು. ಆ ಉದ್ದದ ಸಾಲಲ್ಲಿ ಉಸಿರೇ ಮುರೀಲಿಲ್ವಲ್ಲ! ಆದ್ರೆ ನಿನ್ನ ತಂಗಿ... ಶ್ರುತೀನೇ ಸೇರ್ತಾ ಇಲ್ಲ. ಎಲ್ಲೋ ಮೇಲೆ ಓಡ್ತಾಳೆ. ಮನೇಲಿ ಯಾರೂ ತಿದ್ದೋದಿಲ್ವಾ?"

ನನಗೆ ಗೊತ್ತಿತ್ತು. ಅದನ್ನೇ ಇಲ್ಲಿ ಹೇಳಬೇಕಾದದ್ದು. ತಿಳಿಯದೆ ಆಯಿತು, ಚಿಕ್ಕವಳಿದ್ದೆ ಎಂದು ಹೇಳಿಕೊಳ್ಳಲು ನನಗೆ ಬಾಯಿಲ್ಲ. ಆ ಹಾಲಿನಲ್ಲಿದ್ದ ಅಷ್ಟು ಜನರಲ್ಲಿ, ಪಪ್ಪನನ್ನೂ ಮಾಲತಿಯನ್ನೂ ಬಿಟ್ಟರೆ, ಅದು ತಪ್ಪಲ್ಲ ಎಂದು ತಿಳಿದಿದ್ದವಳು ನಾನೊಬ್ಬಳೇ. "ಅದು ಎರಡನೇ ದನಿ ಆಂಟಿ, ಅದು ಹಾಗೇ ಇರೋದು" ಎಂದು ಒಂದೇ ಒಂದು ಮಾತು ಸಾಕಿತ್ತು. ಆದರೆ ಅದನ್ನು ಹೇಳಿದರೆ ಡೆಸ್ಮಂಡನ ಪೆಟ್ಟಿಗೆ, ಕೋಟಿನ ಗೂಡು, ಸೌಟು, ಒಂದೇ ಬಟ್ಟಲಿನ ಗಂಜಿ ಎಲ್ಲ ಹೇಳಬೇಕು. ಆ ರೇಷ್ಮೆಯವರು ನಗುತ್ತಾರೆ. ನಾನು ಕನ್ನಡಿಯ ಮುಂದೆ ಕಲಿತ ಕನ್ನಡವನ್ನು ಮೊದಲ ಸಲ ಹೊರಗೆ ತೆಗೆದೆ.

"ಹೌದು ಆಂಟಿ. ನಾನೆಷ್ಟು ಸಲ ಹೇಳಿದೀನಿ. ಅವ್ಳು ಕೇಳೋದೇ ಇಲ್ಲ."

ಎಷ್ಟು ಸಲೀಸಾಗಿ ಬಂತು! ಆಂಟಿ ನಕ್ಕು, "ನೀನು ಭಾನುವಾರ ಕ್ಲಾಸಿಗೆ ಬಾ" ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ನಾವು ಕಾರು ಹತ್ತುವ ಮೊದಲೇ ಮಾತು ಅಮ್ಮನನ್ನು ಮುಟ್ಟಿತ್ತು. ಕಾರಿನಲ್ಲಿ ಅಮ್ಮ ಪಪ್ಪನ ಮೇಲೆ ಹರಿಹಾಯ್ದಳು.

"ಚಿಕ್ಕವಳಿಗೆ ಶ್ರುತಿಯೇ ಇಲ್ಲ ಅಂತೆ. ಆ ಟೀಚರ್ ಊಟದ ಲೈನಲ್ಲಿ ಎಲ್ಲರ ಎದುರು ಹೇಳಿದ್ರು. ಮರ್ಯಾದೆ ಹೋಯ್ತು. ನಾನು ಬೇಡ ಬೇಡ ಅಂತ ಬಡ್ಕೊಂಡೆ."

"ಅವ್ರಿಗೆ ಎಂತ ಗೊತ್ತುಂಟು?" ಪಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ನಳಿನಿ, ನೀನು ಅವ್ರ ಹತ್ರ ಇದ್ದೆಯಲ್ಲ, ಅದು ಎರಡನೇ ದನಿ ಅಂತ ಹೇಳ್ಲಿಲ್ವಾ?"

"ಹೇಳಿದೆ ಪಪ್ಪ. ಅವ್ರು ಕೇಳ್ಲಿಲ್ಲ."

ಮಾಲತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅವಳಿಗೆ ನಿದ್ದೆ ಬಂದಿರಬೇಕು ಎಂದುಕೊಂಡೆ, ಅಥವಾ ಹಾಗೆ ಅಂದುಕೊಳ್ಳಲು ನನಗೆ ಅನುಕೂಲವಾಗಿತ್ತು.

ಮುಂದಿನ ಶನಿವಾರ ಬಟ್ಟಲಲ್ಲಿ ಗಂಜಿ ಬಂತು. ಮಾಲತಿ ಎದ್ದುಹೋಗಿ ಬೇರೆ ಬಟ್ಟಲು ತಂದು, ತನ್ನ ಪಾಲನ್ನು ಬಡಿಸಿಕೊಂಡು, ಮೇಜಿನ ಆ ತುದಿಯಲ್ಲಿ ಕೂತು ಉಂಡಳು. ಹಾಡಲು ಕರೆದರೆ ಗಂಟಲು ನೋವು ಎಂದಳು. ಅದರ ಮುಂದಿನ ವಾರವೂ ಗಂಟಲು ನೋವು. ಅಮ್ಮ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು, ಗಂಟಲು ಚೆನ್ನಾಗಿಯೇ ಇದೆ ಎಂದರು. ಅಲ್ಲಿಂದ ಮುಂದೆ ಅವಳು ಹಾಡಲೇ ಇಲ್ಲ. ಹುಟ್ಟುಹಬ್ಬದ ಕೇಕಿನ ಮುಂದೆಯೂ ಬರೀ ತುಟಿ ಆಡಿಸುತ್ತಿದ್ದಳು. ಪಪ್ಪ ಒಂದೆರಡು ತಿಂಗಳು ಕಾದರು, ರಮಿಸಿದರು, ಒಮ್ಮೆ ಗದರಿದರು. ಕೊನೆಗೆ ಮ್ಯಾಂಡೊಲಿನ್ನನ್ನು ಊರಿನಿಂದ ತಂದಿದ್ದ ಅದೇ ಬಟ್ಟೆಯಲ್ಲಿ ಸುತ್ತಿ ಗೂಡಿನ ಮೂಲೆಯಲ್ಲಿಟ್ಟರು. ಸೌಟು ಅಡುಗೆಮನೆಗೆ ವಾಪಸ್ಸು ಬಂತು. "ನನ್ನದೇ ತಪ್ಪು. ಮಕ್ಕಳನ್ನ ಮನೆಯೊಳಗೇ ಹಾಡ್ಲಿಕ್ಕೆ ಬಿಡ್ಬೇಕಿತ್ತು, ನಾಲ್ಕು ಜನರ ಎದುರು ನಿಲ್ಲಿಸಿ ಆ ಮಗುವಿನ ದನಿ ಕಳೆದೆ" ಎಂದು ಅಮ್ಮನ ಹತ್ತಿರ ಹೇಳುತ್ತಿದ್ದದ್ದನ್ನು ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ. ಇಳಿದುಹೋಗಿ ನಿಜ ಹೇಳಲಿಲ್ಲ. ಪಪ್ಪ ತೀರಿಕೊಳ್ಳುವವರೆಗೂ ಆ ತಪ್ಪನ್ನು ತಮ್ಮದೆಂದೇ ನಂಬಿದ್ದರು. ಆಗಲೂ ನಾನು ಹೇಳಲಿಲ್ಲ.

ನನಗೆ ರೇಷ್ಮೆ ಲಂಗ ಸಿಕ್ಕಿತು. ಸಾಲಿನಲ್ಲಿ ಜಾಗವೂ ಸಿಕ್ಕಿತು. ಆದರೆ ಮೊದಲ ತಿಂಗಳಲ್ಲೇ ಶಾರದಾ ಆಂಟಿಯ ಮುಖ ಗಂಟಿಕ್ಕಿತು. "ಏನಾಯ್ತೇ ನಿಂಗೆ? ಅರ್ಧದಲ್ಲೇ ಉಸಿರು ಮುರೀತಿದೆ. ಅವತ್ತು ಹಾಲಲ್ಲಿ ಅಷ್ಟು ಚೆನ್ನಾಗಿ ಹಾಡಿದ್ದೆ!" ಶೀತ ಆಂಟಿ ಎಂದೆ. ಶೀತ ಎಷ್ಟು ದಿನ ಇರುತ್ತದೆ? ಆಮೇಲೆ ಸಣ್ಣ ಸಣ್ಣ ಸಾಲಿನ ಹಾಡುಗಳನ್ನೇ ಆರಿಸಿಕೊಳ್ಳುವ ಉಪಾಯ ಕಲಿತೆ. ಈಗಲೂ ಅವನ್ನೇ ಹಾಡುತ್ತೇನೆ. ಯಾರೂ ಗಮನಿಸಿಲ್ಲ.

ಮಾಲತಿ ಡಾಕ್ಟರಾದಳು, ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಮನೆ ಮಾಡಿದಳು. ನಮ್ಮ ನಡುವೆ ಜಗಳವಿಲ್ಲ. ಹಬ್ಬಕ್ಕೆ ಫೋನ್ ಮಾಡುತ್ತಾಳೆ, ನನ್ನ ಮೊಣಕಾಲಿನ ನೋವಿಗೆ ಏನು ಮಾಡಬೇಕೆಂದು ಹೇಳುತ್ತಾಳೆ. ಆ ಅಮೆರಿಕದ ಜೋಡಿಗಳಲ್ಲಿ ಎಷ್ಟೋ ಮಂದಿ ಕೊನೆಗೆ ಬಡಿದಾಡಿಕೊಂಡು ಬೇರೆಯಾದರು ಎಂದು ಪಪ್ಪ ಹೇಳುತ್ತಿದ್ದರು. ಅವರಾದರೂ ಬಡಿದಾಡಿದರು. ನಾವು ಮರ್ಯಾದಸ್ಥರು, ಹವಾಮಾನ ಮಾತಾಡಿಕೊಂಡು ಇದ್ದುಬಿಟ್ಟೆವು.

ಹೋದ ವರ್ಷ ನನ್ನ ಮಗ ರೋಹನ್ ಈ ಸುದ್ದಿ ಎತ್ತಿದ. ಅವನ ಕೆಲಸ ಮೀಡಿಯಾಸಿಟಿಯ ಸ್ಟುಡಿಯೋಗಳಲ್ಲಿ, ರೇಡಿಯೋ ಕಾರ್ಯಕ್ರಮಗಳಿಗೆ ದನಿ ಜೋಡಿಸುವುದು. ಆ ಹಳೆಯ ಅಣ್ಣತಮ್ಮಂದಿರ ಜೋಡಿಗಳು ಹೇಗೆ ಮೇಲೆ ಬಂದವು ಎಂಬುದರ ಮೇಲೆ ಒಂದು ಕಾರ್ಯಕ್ರಮ ಮಾಡುತ್ತಿದ್ದನಂತೆ. ಅಜ್ಜನ ಗೂಡಿನ ಕಥೆಯನ್ನು ತನ್ನ ಅಜ್ಜಿಯಿಂದ ಎಂದೋ ಕೇಳಿದ್ದ. ಅವನು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ, ಆದರೆ ಅಂದು ಕಷ್ಟಪಟ್ಟು ಕನ್ನಡದಲ್ಲೇ ಕೇಳಿದ.

"ಅಮ್ಮ, ನೀನು, ಚಿಕ್ಕಮ್ಮ, ಇಬ್ರೂ ಒಂದ್ಸಲ ಹಾಡಿ. ಪ್ಲೀಸ್. ನಾಲ್ಕೇ ಲೈನ್."

ಫೋನಿನಲ್ಲಿ ಕೇಳುವ ಧೈರ್ಯ ಬರಲಿಲ್ಲ. ರೈಲು ಹತ್ತಿ ಶೆಫೀಲ್ಡಿಗೆ ಹೋದೆ. ಮಾಲತಿಯ ಅಡುಗೆಮನೆಯಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಅವಳು ನನಗೆ ಬೆನ್ನು ಹಾಕಿ ಲೋಟ ತೊಳೆಯುತ್ತಿದ್ದಳು. ಬೆನ್ನಿದ್ದದ್ದೇ ಒಳ್ಳೆಯದಾಯಿತು. ಮಗನ ಮಾತು ಹೇಳಿದೆ. ಅದರ ಹಿಂದೆಯೇ, ಅರವತ್ತರ ಹತ್ತಿರದ ಮುದುಕಿ ನಾನು, ಆ ಪರದೆಯ ಪಕ್ಕದ ಮಾತನ್ನೂ ಹೇಳಿದೆ. ಆಂಟಿ ಕೇಳಿದ್ದು, ನಾನು ಕೊಟ್ಟ ಉತ್ತರ, ಕಾರಿನಲ್ಲಿ ಹೇಳಿದ ಸುಳ್ಳು, ಎಲ್ಲ ಒಂದೇ ಸಲ ಕಾರಿಕೊಂಡೆ.

"ಗೊತ್ತುಂಟು ಅಕ್ಕ," ಎಂದಳು. "ನಾನು ಪರದೆಯ ಹಿಂದೆಯೇ ಇದ್ದೆ."

ನಲ್ಲಿಯ ನೀರು ಬೀಳುತ್ತಲೇ ಇತ್ತು.

"ಮತ್ತೆ ಪಪ್ಪನಿಗೆ ಯಾಕೆ ಹೇಳ್ಲಿಲ್ಲ ಮಾರಾಯ್ತಿ? ನಾನು ಸುಳ್ಳು ಹೇಳುವಾಗ ಪಕ್ಕದಲ್ಲೇ ಕೂತಿದ್ದೆಯಲ್ಲ?"

"ನೀನು ಹೇಳ್ತಿ ಅಂತ ಕಾದೆ."

ಅಯ್ಯೋ ದೇವರೇ. ಹತ್ತು ವರ್ಷದ ಮಗು ಕಿಟಕಿಯ ಹೊರಗೆ ನೋಡಿಕೊಂಡು ಕಾದದ್ದು ಅದಕ್ಕೆ!

"ಆ ಟೀಚರ್ ಹೇಳಿದ್ದಕ್ಕಾ ನೀನು ಹಾಡು ಬಿಟ್ಟದ್ದು?" ಎಂದು ಕೇಳಿದೆ.

"ಅವ್ರು ಯಾರು ನಂಗೆ? ಅವ್ರಿಗೆ ಗೊತ್ತಿರ್ಲಿಲ್ಲ, ಅಷ್ಟೇ." ಅವಳು ನಲ್ಲಿ ನಿಲ್ಲಿಸಿದಳು. "ಮೇಲಿನ ದನಿ ಹಾಡ್ಬೇಕಾದ್ರೆ ನಿನ್ನ ಬಾಯಿ ನೋಡ್ಬೇಕಲ್ಲ ಅಕ್ಕ. ಆಮೇಲೆ ಆ ಬಾಯಿಯನ್ನ ನಂಗೆ ನೋಡ್ಲಿಕ್ಕೆ ಆಗ್ಲಿಲ್ಲ."

ನಾನು ಮೇಜಿನ ಮೇಲಿದ್ದ ಚಹಾದ ಲೋಟವನ್ನು ತಿರುಗಿಸುತ್ತ ಕೂತೆ. ಅಳಬಾರದು ಎಂದುಕೊಂಡೆ. ಅತ್ತರೆ ಅವಳೇ ಬಂದು ಸಮಾಧಾನ ಮಾಡಬೇಕಾಗುತ್ತದೆ, ಅದನ್ನೂ ಅವಳಿಂದ ಕಿತ್ತುಕೊಳ್ಳುವುದು ಬೇಡ. ಅವಳು ಕೈ ಒರೆಸಿಕೊಂಡು ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತಳು.

"ಹಾಡು ನೋಡುವಾ," ಎಂದಳು.

"ಒಬ್ಬಳೇ?"

"ಒಬ್ಬಳೇ."

ಹೊಳೆಯಾಚೆ ನಮ್ಮನೆ ಎಂದು ಶುರುಮಾಡಿದೆ. ಅವಳು ಅಂದಿನ ಹಾಗೆಯೇ ಕಣ್ಣುಬಿಟ್ಟುಕೊಂಡು ನನ್ನ ಬಾಯಿಯನ್ನು ನೋಡಿದಳು. ನಾಲ್ಕು ಸಾಲು ಮುಗಿಯುವವರೆಗೂ ಕಣ್ಣು ತೆಗೆಯಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

"ಮೂರನೇ ಸಾಲಲ್ಲಿ ಈಗ್ಲೂ 'ಕೈಯಾಡಿಸಿ' ಹತ್ರ ನಿನ್ನ ಉಸಿರು ಮುರೀತದೆ," ಎಂದಳು. "ಆವಾಗೆಲ್ಲ ಅಲ್ಲಿ ನಾನು ಎಳೆದು ಹಿಡ್ಕೊಳ್ತಿದ್ದೆ. ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಿಂಗೂ ಗೊತ್ತಾಗ್ತಿರ್ಲಿಲ್ಲ."

ಶಾರದಾ ಆಂಟಿ ನನ್ನ ಗಲ್ಲ ಹಿಡಿದು ಹೊಗಳಿದ ಉಸಿರು. ನನಗೆ ರೇಷ್ಮೆ ಲಂಗ ಕೊಡಿಸಿದ ಉಸಿರು.

"ಆ ದಿನವೂ?" ಎಂದೆ.

"ಆ ದಿನವೂ," ಎಂದಳು.